ಪಿಳ್ಳಪ್ಪನ ಮೀಸೆಗೆ ಬಿದ್ದ ಜೇಡ

ತೂಬಗೆರೆಯ ಪಿಳ್ಳಪ್ಪ ಆ ದಿನ ಬೆಳಿಗ್ಗೆ ಎದ್ದು, ದೇವರ ಗೂಡಿನ ಮುಂದೆ ನಿಂತು ಕೈ ಮುಗಿದಾಗ ಬಾಯಿಂದ 'ಶಿವಾ' ಎಂಬ ಎರಡಕ್ಷರ ನೆಟ್ಟಗೆ ಹೊರಡಲಿಲ್ಲ. ಮೇಲ್ದುಟಿ ಬೆಳಗಾಗುವುದರೊಳಗೆ ನೆನೆಹಾಕಿದ ಅವರೆಕಾಳಿನ ಹಾಗೆ ಉಬ್ಬಿ ಕೂತಿತ್ತು. ಬೆಳಗಿಟ್ಟಿದ್ದ ಹಿತ್ತಾಳೆ ತಂಬಿಗೆಯಲ್ಲಿ ಮುಖ ನೋಡಿಕೊಂಡ. ತಂಬಿಗೆಯಲ್ಲಿ ಯಾರ ಮುಖವಾದರೂ ಅಗಲವಾಗಿಯೇ ಕಾಣುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು, ಗೂಡಿನಲ್ಲಿದ್ದ ಕನ್ನಡಿ ತೆಗೆದು ನೋಡಿದ. ತಂಬಿಗೆ ಸುಳ್ಳು ಹೇಳಿರಲಿಲ್ಲ.

ಮೀಸೆಯ ಎಡಗಡೆಯ ಅಡಿಯಲ್ಲಿ ಒಂದು ಸಾಲು ಗುಳ್ಳೆ, ಬಲಗಡೆಯ ಅಡಿಯಲ್ಲಿ ಒಂದು ಸಾಲು ಗುಳ್ಳೆ. ಯುದ್ಧಕ್ಕೆ ನಿಂತ ಎರಡು ದಂಡಿನ ಹಾಗೆ ಎದುರುಬದುರಾಗಿ ನಿಂತಿದ್ದವು. ನಡುವೆ ಮೂಗು ಕೋಟೆಯ ಹಾಗೆ.

ಕಾರಣವೇನೆಂದು ಪಿಳ್ಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಹೇಳುವಂತಿರಲಿಲ್ಲ. ಅದೇ ಸಂಕಟ.

ಆ ಮಧ್ಯಾಹ್ನ ರಾಜಘಟ್ಟದ ಮುನಿವೆಂಕಟಪ್ಪನವರು ತಮ್ಮ ಎರಡನೆಯ ಮಗಳು ವರಲಕ್ಷ್ಮಿಗಾಗಿ ಗಂಡನ್ನೂ ಮನೆಯನ್ನೂ ನೋಡಲು ಗಾಡಿ ಕಟ್ಟಿಕೊಂಡು ಬರುವವರಿದ್ದರು. ಪಿಳ್ಳಪ್ಪನಿಗೆ ಮೂವತ್ತೈದು. ಅವನ ತಾಯಿ ಅಮ್ಮಯಮ್ಮನ ಲೆಕ್ಕದಲ್ಲಿ ಮಾತ್ರ ಇಪ್ಪತ್ತೈದು. ಆ ಇಪ್ಪತ್ತೈದು ಬಂದು ಎಷ್ಟೋ ವರ್ಷವಾಗಿತ್ತು, ಹೋಗುವ ಯೋಚನೆ ಮಾಡಿರಲಿಲ್ಲ. ಹಿಂದೆ ಬಂದ ಹೆಣ್ಣಿನ ಕಡೆಯವರೆಲ್ಲ ಅಮ್ಮಯಮ್ಮನ ಮಾತು ಕೇಳುವಷ್ಟು ಹೊತ್ತೂ ನಗುನಗುತ್ತಾ ಇದ್ದು, ಪಿಳ್ಳಪ್ಪನ ಮೀಸೆ ನೋಡಿದ ಕೂಡಲೇ ಎತ್ತು ಹೂಡಿಕೊಂಡು ಹೊರಟುಬಿಡುತ್ತಿದ್ದರು. ತಲೆಗೂದಲು ಕರ್ರಗೇ ಇತ್ತು. ಮೀಸೆಯೊಂದು ಮಾತ್ರ ಯಾವ ಜನ್ಮದ ಹಗೆಯೋ, ರಾಗಿ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿದಂತೆ ನರೆತುಹೋಗಿತ್ತು.

ಈ ಸಲ ಹಾಗಾಗಬಾರದೆಂದು ಪಿಳ್ಳಪ್ಪ ದೊಡ್ಡಬಳ್ಳಾಪುರದ ಸಂತೆಗೆ ಹೋಗಿ, ಕೂದಲಿಗೆ ಹಚ್ಚುವ ಬಣ್ಣವಿದೆಯೇ ಎಂದು ಅಂಗಡಿಯವನ ಕಿವಿಯಲ್ಲಿ ಕೇಳಿದ್ದ. ಅಂಗಡಿಯವನು ಸಂತೆಗೆಲ್ಲ ಕೇಳುವಂತೆ, "ಸೀಮೆಎಣ್ಣೇನೇ ಸಿಗ್ತಿಲ್ಲ, ಮೀಸೆ ಬಣ್ಣ ಎಲ್ಲಿಂದ ತರ್ಲಪ್ಪಾ? ಯುದ್ಧ ಮುಗೀಲಿ, ಆಮೇಲೆ ಬಾ" ಎಂದ. ಯುದ್ಧ ಮುಗಿಯುವವರೆಗೆ ವರಲಕ್ಷ್ಮಿ ಕಾಯುವಳೇ? ದಾರಿಯಲ್ಲಿ ಬರುವಾಗ ಪಿಳ್ಳಪ್ಪನ ಕಣ್ಣು ತನ್ನ ಪಂಚೆಯ ಅಂಚಿನ ಮೇಲೆ ಬಿತ್ತು. ಅಲ್ಲಿ ಮಡಿವಾಳರು ಗುರುತಿಗೆಂದು ಹಾಕಿದ್ದ ಕರಿಗೇರುಕಾಯಿಯ ಕಪ್ಪು ಚುಕ್ಕೆ. ಎಷ್ಟು ಒಗೆದರೂ ಹೋಗದ ಕಪ್ಪು. ಪಂಚೆಗೆ ಹಿಡಿಯುವುದು ಮೀಸೆಗೆ ಹಿಡಿಯದೇ?

ಹೊಸ ಕಂಬಳಿಗೆ ಗುರುತು ಹಾಕಬೇಕೆಂದು ನೆಪ ಹೇಳಿ ಮಡಿವಾಳರ ಹತ್ತಿರ ಗೇರುಕಾಯಿ ಈಸಿಕೊಂಡ. ಹಿಂದಿನ ದಿನ ಬೆಳಿಗ್ಗೆ ಹುಲ್ಲಿನ ಮೆದೆಯ ಹಿಂದೆ ಕೂತು, ಕಡ್ಡಿಯಲ್ಲಿ ಅದರ ರಸ ಅದ್ದಿ ಒಂದೊಂದೇ ಕೂದಲಿಗೆ ಭಕ್ತಿಯಿಂದ ಹಚ್ಚಿದ. ಮೀಸೆ ಕಾಡಿಗೆಯಾಯಿತು. ಯಾರೂ ನೋಡಬಾರದೆಂದು ದಿನವೆಲ್ಲ ಧೂಳಿನ ನೆಪ ಹೇಳಿ ಮುಖಕ್ಕೆ ವಲ್ಲಿ ಸುತ್ತಿಕೊಂಡು ಓಡಾಡಿದ. ಸಂಜೆಗೆ ಸ್ವಲ್ಪ ತುರಿಸಿತು. ಬೆಳಗಾಗುವುದರೊಳಗೆ ಹೀಗೆ.

"ಏನ್ಲಾ ಪಿಳ್ಳ, ಎದ್ದಾ?" ಎನ್ನುತ್ತ ಪಕ್ಕದ ಮನೆಯ ಗಂಗಣ್ಣ ಒಳಗೆ ಬಂದ.

ಗಂಗಣ್ಣ ದಾಯಾದಿಯಲ್ಲಿ ಪಿಳ್ಳಪ್ಪನಿಗೆ ಅಣ್ಣನಾಗಬೇಕು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮತ್ತೆ ಹೆಣ್ಣು ಕೊಡುವವರು ಸಿಕ್ಕಿರಲಿಲ್ಲ. ಅವನ ಮೀಸೆಯೂ ಪೂರಾ ಬೆಳ್ಳಗೆ. ಹೋದ ವರ್ಷ ಒಂದು ಸಲ ತಿರುಪತಿಗೆ ಮುಡಿ ಕೊಡುತ್ತೇನೆಂದು ಹೋದವನು, ತಲೆಗೂದಲನ್ನು ಹಾಗೇ ಉಳಿಸಿಕೊಂಡು ಬರೀ ಮೀಸೆ ಬೋಳಿಸಿಕೊಂಡು ಬಂದಿದ್ದ. ಇದೆಂಥ ಮುಡಿಯೆಂದು ಊರಿನವರು ಕೇಳಿದಾಗ, "ಅವರವರ ಹರಕೆ ಅವರವರಿಗೆ" ಎಂದು ಬಾಯಿ ಮುಚ್ಚಿಸಿದ್ದ.

ಗಂಗಣ್ಣ ಪಿಳ್ಳಪ್ಪನ ತುಟಿ ನೋಡಿದ. ಹತ್ತಿರ ಬಂದು ನೋಡಿದ. ಬಗ್ಗಿ, ಗಲ್ಲ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಹಳೆಯ ನೆಂಟನನ್ನು ಕಂಡಂಥ ಕಳೆ ಬಂತು.

"ಇದು ಜೇಡ ಕಣೋ" ಎಂದ.

"ಜೇಡಾನಾ?"

"ಜೇಡವೇ. ರಾತ್ರಿ ಮಲಗಿದ್ದಾಗ ಮೀಸೆ ಮೇಲೆ ಹಾದುಹೋಗಿದೆ."

ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಂತಾಯಿತು. "ಹೂಂ ಗಂಗಣ್ಣ, ಜೇಡವೇ! ಕನಸಿನಲ್ಲಿ ಏನೋ ಹರಿದಾಡಿದ ಹಾಗಾಯ್ತು!" ಎಂದು ಪಿಳ್ಳಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಆ ಹಗ್ಗ ಎಲ್ಲಿಗೆ ಎಳೆದುಕೊಂಡು ಹೋಗುತ್ತದೆಂದು ದೇವರೊಬ್ಬನಿಗೇ ಗೊತ್ತಿತ್ತು.

ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಅಮ್ಮಯಮ್ಮ ಕೈಯನ್ನೂ ತೊಳೆಯದೆ ಓಡಿಬಂದಳು. ಮಗನ ಮುಖ ನೋಡಿ, "ಅಯ್ಯೋ ನಮ್ಮಪ್ಪಾ, ಇವತ್ತೇ ಆಗ್ಬೇಕಾ ಇದು! ಘಾಟಿ ಸುಬ್ಬಪ್ಪಾ, ನನ್ ಮಗನ ತುಟಿ ನೆಟ್ಟಗೆ ಮಾಡು, ನಿನಗೊಂದು ಬೆಳ್ಳಿ ಮೀಸೆ ಮಾಡಿಸಿ ಒಪ್ಪಿಸ್ತೀನಿ" ಎಂದು ನಿಂತಲ್ಲೇ ಹರಕೆ ಹೊತ್ತಳು. ಆಮೇಲೆ ಅರಿಶಿನವನ್ನೂ ಬೇವಿನ ಸೊಪ್ಪನ್ನೂ ಅದೇ ಒರಳಿನಲ್ಲಿ ಅರೆದು, ಮೂಗಿನಿಂದ ಗಲ್ಲದವರೆಗೂ ಮೆತ್ತಿದಳು.

ಅರಿಶಿನ ಒಣಗುವುದರೊಳಗೆ ಸುದ್ದಿ ಊರಿಗೆಲ್ಲ ಹರಡಿತು. ಮೇಲಿನ ಬೀದಿಯ ನರಸಮ್ಮಜ್ಜಿ ಕೋಲೂರಿಕೊಂಡು ಬಂದಳು. ಚೇಳು, ಜರಿ, ಜೇಡ, ದೃಷ್ಟಿ, ಸರ್ಪಸುತ್ತು, ಯಾವುದಕ್ಕಾದರೂ ಮದ್ದು ಹಾಕುವವಳು ಅವಳೇ.

"ಕಚ್ಚಿದ್ದಾ, ಇಲ್ಲ ಉಚ್ಚೆ ಹೊಯ್ದದ್ದಾ?" ಎಂಬುದು ಅವಳ ಮೊದಲ ಪ್ರಶ್ನೆ.

"ಅದ್ರಾಗೆ ಏನ್ ವೆತ್ಯಾಸ ಅಜ್ಜಿ?" ಎಂದ ಪಿಳ್ಳಪ್ಪ.

"ಏನ್ ವೆತ್ಯಾಸವಾ? ಕಚ್ಚಿದ್ರೆ ವಿಷ ಕೆಳಕ್ಕಿಳೀತದೆ. ಉಚ್ಚೆ ಹೊಯ್ದ್ರೆ ಮೇಲಕ್ಕೇರ್ತದೆ. ಸರ್ಯಾಗ್ ಹೇಳು."

ಪಿಳ್ಳಪ್ಪ ಯೋಚಿಸಿದ. ಕೆಳಗಿಳಿದರೆ ಹೊಟ್ಟೆಗೆ ಔಷಧಿ ಕುಡಿಸುತ್ತಾಳೆ ಎಂದು ಹೆದರಿ, "ಉಚ್ಚೆ" ಎಂದ.

"ಹಂಗಾದ್ರೆ ತಲೆಗೇರ್ತದೆ. ಜೋಪಾನ, ಆಮೇಲೆ ಹುಚ್ಚುಚ್ಚಾಗಿ ಮಾತಾಡ್ತಾನೆ" ಎಂದು ನರಸಮ್ಮ ಎಲ್ಲರಿಗೂ ಎಚ್ಚರಿಕೆ ಕೊಟ್ಟು, ಅರಿಶಿನವನ್ನು ಒರೆಸಿ ನೋಡಿದಳು. ನೋಡಿ ಬೆಚ್ಚಿದಳು. "ಅಮ್ಮಯ್ಯಾ! ವಿಷ ಎಷ್ಟಿದೆ ನೋಡೇ! ಮೀಸೆಯೆಲ್ಲ ಕಪ್ಪುಗಟ್ಟಿದೆ! ಮೊನ್ನೆ ಬೆಳ್ಳಗಿತ್ತಲ್ಲ!"

"ಯಾವಾಗ್ ಬೆಳ್ಳಗಿತ್ತಜ್ಜಿ?" ಎಂದು ಅಮ್ಮಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇಪ್ಪತ್ತೈದರ ಹುಡುಗನ ಮೀಸೆ ಎಲ್ಲಾದ್ರೂ ಬೆಳ್ಳಗಿರ್ತದಾ? ನಿನ್ ಕಣ್ಣಿಗೆ ಪೊರೆ ಬಂದಿದೆ."

ಹೆಂಗಸರಿಬ್ಬರೂ ಜಗಳಕ್ಕೆ ನಿಂತರೆ ತನ್ನ ಗುಟ್ಟು ಹೊರಬರುತ್ತದೆಂದು ಪಿಳ್ಳಪ್ಪ, "ಅಯ್ಯೋ ಉರಿ, ಉರಿ!" ಎಂದು ಕೂಗಿಕೊಂಡ. ಉರಿಯೂ ಸುಳ್ಳಾಗಿರಲಿಲ್ಲ.

ನರಸಮ್ಮ ಕೆಮ್ಮಣ್ಣು ಕಲಸಿ ತುಟಿಗೆ ಬಳಿದಳು. ಬಳಿಯುತ್ತಾ ನೆರೆದವರಿಗೆಲ್ಲ ವಿವರಿಸಿದಳು: ಈ ಕಡೆಯ ಗುಳ್ಳೆ, ಆ ಕಡೆಯ ಗುಳ್ಳೆ ಮೂಗಿನ ಕೆಳಗೆ ಬಂದು ಒಂದಕ್ಕೊಂದು ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲ. ನೆರೆದವರೆಲ್ಲ ಪಿಳ್ಳಪ್ಪನ ಮೂಗಿನ ಕೆಳಗೆ ಕಣ್ಣು ನೆಟ್ಟು ಕೂತರು. "ಇನ್ನೂ ಒಂದು ರಾಗಿಕಾಳಿನಷ್ಟು ಜಾಗ ಐತೆ" ಎಂದರು ಒಬ್ಬರು. "ಎಲ್ಲೈತೆ? ಸಾಸಿವೆಯಷ್ಟು" ಎಂದರು ಇನ್ನೊಬ್ಬರು.

"ನಡುವೆ ಸುಣ್ಣದ ಗೆರೆ ಎಳೀರಿ, ದಾಟೋದಿಲ್ಲ" ಎಂದ ಗಂಗಣ್ಣ. ಎಳೆದೂಬಿಟ್ಟ, ತನ್ನ ಎಲೆಅಡಿಕೆ ಸಂಚಿಯ ಸುಣ್ಣದಿಂದಲೇ. ಹೊಗೆಸೊಪ್ಪೂ ಒಂದಿಷ್ಟು ಬೆರೆತಿತ್ತು. ಪಿಳ್ಳಪ್ಪ ಎದ್ದು ನಿಂತಲ್ಲೇ ಕುಣಿದ ಕುಣಿತಕ್ಕೆ ತಾಳವೊಂದು ಇದ್ದಿದ್ದರೆ ಗುಡಿಯ ಮುಂದಿನ ಭಜನೆಯೇ ಆಗುತ್ತಿತ್ತು.

"ನೋಡಿದ್ರಾ, ವಿಷ ಹೊರಗೆ ಬರ್ತಾ ಐತೆ" ಎಂದು ಗಂಗಣ್ಣ ತೃಪ್ತಿಯಿಂದ ತಲೆಯಾಡಿಸಿದ.

ಇಷ್ಟಕ್ಕೇ ನಿಂತಿದ್ದರೆ ಬದುಕಬಹುದಿತ್ತು. ಆದರೆ ನರಸಮ್ಮ, "ಆ ಜೇಡಾನೇ ಹಿಡಿದು ಸುಟ್ಟು, ಅದ್ರ ಬೂದೀನ ಬೆಣ್ಣೇಲಿ ಕಲಸಿ ಹಚ್ಬೇಕು. ಅಲ್ಲೀವರ್ಗೂ ಇಳಿಯಲ್ಲ" ಎಂದಳು.

ಊರವರು ಕೋಲು, ಪೊರಕೆ ಹಿಡಿದು ಮನೆಯೊಳಗೆ ನುಗ್ಗಿದರು. ಬೀಗರಾಗುವವರು ಬರುತ್ತಾರೆಂದು ವಾರವೆಲ್ಲ ಸಾರಿಸಿ, ಸುಣ್ಣ ಹೊಡೆದು, ರಂಗೋಲಿ ಬಿಟ್ಟಿದ್ದ ಮನೆ. ಅಟ್ಟದಿಂದ ಹಳೆಯ ಮೊರ ಬಿತ್ತು, ಕುಕ್ಕೆ ಬಿತ್ತು, ಉಪ್ಪಿನಕಾಯಿಯ ಜಾಡಿ ಬಿತ್ತು. ಗಂಗಣ್ಣ ಸೂರಿಗೆ ಕೋಲು ಹಾಕಿ ಎಳೆದಾಗ ತಾತನ ಕಾಲದಿಂದ ಕಟ್ಟಿದ್ದ ಹೊಗೆಮಸಿಯ ಇಲ್ಲಣವೆಲ್ಲ ಹೂರಣದ ಪಾತ್ರೆಗೆ ಸುರಿಯಿತು. ಅಮ್ಮಯಮ್ಮ ಎದೆ ಎದೆ ಬಡಿದುಕೊಂಡಳು.

ಕೊನೆಗೊಂದು ಬಡಕಲು ಜೇಡ ಸಿಕ್ಕಿತು. ಎಲೆಯ ಮೇಲಿಟ್ಟು ಪಿಳ್ಳಪ್ಪನ ಮುಂದೆ ಹಿಡಿದರು.

"ಇದೇನಾ ನೋಡು."

ಪಿಳ್ಳಪ್ಪನಿಗೆ ಆ ಜೇಡದ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. ಏನೂ ಅರಿಯದ ಪ್ರಾಣಿ. ತನ್ನ ಪಾಡಿಗೆ ತಾನು ಮೂಲೆಯಲ್ಲಿ ನೂಲುತ್ತಿದ್ದದ್ದು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಈ ಗಲಾಟೆ ಮುಗಿದರೆ ಸಾಕೆಂದು, "ಇದೇ" ಎಂದ.

ನರಸಮ್ಮ ಬಗ್ಗಿ ನೋಡಿದಳು. "ಇದು ಹೆಣ್ಣು. ಜೊತೆಗೊಂದು ಗಂಡಿರ್ಬೇಕು. ಅದೂ ಬೇಕು. ಹುಡುಕ್ರೀ!"

ಮತ್ತೆ ಕೋಲುಗಳು ಮೇಲೆದ್ದವು. ಈ ಗದ್ದಲದಲ್ಲಿ ಎಲೆಯ ಮೇಲಿದ್ದ ಜೇಡ ಇಳಿದು, ಹೊಸಿಲು ದಾಟಿ, ತನ್ನ ದಾರಿ ಹಿಡಿದುಹೋಯಿತು. ಆ ಮನೆಯಲ್ಲಿ ಆ ದಿನ ಸುಖವಾಗಿ ಪಾರಾದದ್ದು ಅದೊಂದೇ.

ಹೊತ್ತು ನೆತ್ತಿಗೇರಿತು. ಸುಣ್ಣದ ಗೆರೆಯ ಕೆಳಗೆ ಚರ್ಮ ಕಿತ್ತು, ಸಾಸಿವೆಯಷ್ಟಿದ್ದ ಜಾಗವೂ ಕೆಂಪಗಾಯಿತು. "ಕೂಡಿಕೊಂಡ್ತು! ಕೂಡಿಕೊಂಡ್ತು!" ಎಂದು ಯಾರೋ ಕೂಗಿದರು. ಅಮ್ಮಯಮ್ಮ ಅಳತೊಡಗಿದಳು.

"ಮದ್ದು ಬೇರಿಗೆ ಹೋಗ್ತಾ ಇಲ್ಲ. ಮೀಸೆ ಅಡ್ಡ ಐತೆ. ತೆಗೆಸಿಬಿಡಿ" ಎಂದಳು ನರಸಮ್ಮ.

"ಮೀಸೇನಾ!" ಪಿಳ್ಳಪ್ಪ ಎರಡೂ ಕೈಯಿಂದ ಮುಚ್ಚಿಕೊಂಡ. ಇಷ್ಟೆಲ್ಲ ಪಾಡುಪಟ್ಟದ್ದು ಆ ಮೀಸೆಗಾಗಿ. "ಬ್ಯಾಡ, ಪ್ರಾಣ ಹೋದ್ರೂ ಬ್ಯಾಡ!"

"ನೋಡ್ದಾ? ತಲೆಗೇರ್ತಾ ಐತೆ" ಎಂದು ನರಸಮ್ಮ ಅಮ್ಮಯಮ್ಮನಿಗೆ ಕಣ್ಸನ್ನೆ ಮಾಡಿದಳು.

ಕ್ಷೌರದ ಮುನಿರಾಮಯ್ಯ ಹಡಪ ಹಿಡಿದು ಬಂದ. ಗಂಗಣ್ಣ ಕೈ ಹಿಡಿದ, ಇನ್ನಿಬ್ಬರು ಕಾಲು ಹಿಡಿದರು. ಮೀಸೆ ಹೋಯಿತು. ವಿಷದ ಕೂದಲನ್ನು ಹಾಗೇ ಬಿಸಾಡಬಾರದು, ಸಂಜೆ ಮೂರು ದಾರಿ ಕೂಡುವಲ್ಲಿ ಸುಡಬೇಕೆಂದು ನರಸಮ್ಮ ಹೇಳಿದ್ದರಿಂದ ಮುನಿರಾಮಯ್ಯ ಅದನ್ನು ಎಕ್ಕದೆಲೆಯಲ್ಲಿ ಸುತ್ತಿ ಜಗುಲಿಯ ಮೂಲೆಯಲ್ಲಿಟ್ಟ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗಾಡಿ ಎತ್ತಿನ ಗಂಟೆ ಕೇಳಿಸಿತು.

ಹೇಗೋ ಕೆಮ್ಮಣ್ಣು ತೊಳೆದು, ಹೊಸ ಪೇಟ ಸುತ್ತಿ, ಪಿಳ್ಳಪ್ಪನನ್ನು ಚಾಪೆಯ ಮೇಲೆ ಕೂರಿಸಿದರು. ಮೀಸೆಯಿಲ್ಲದ, ಊದಿದ, ಕೆಂಪಗಿನ ಆ ತುಟಿಯ ಮುಖ ಆಗತಾನೇ ಹಾಲು ಕುಡಿದು ಬಾಯಿ ತೆಗೆದ ಕೂಸಿನ ಮುಖದ ಹಾಗಿತ್ತು.

ಮುನಿವೆಂಕಟಪ್ಪನವರು ಗಟ್ಟಿ ಆಳು. ಮಾತು ಕಡಿಮೆ. ಜೊತೆಗೆ ಬಂದ ಅವರ ಅಕ್ಕ ಲಕ್ಕಮ್ಮನವರು ಅಣ್ಣತಮ್ಮಂದಿರ ಪಾಲಿನ ಮಾತನ್ನೂ ತಾವೇ ಆಡುವವರು. ಜೇಡದ ಸಂಗತಿ ಕೇಳಿ ಮುನಿವೆಂಕಟಪ್ಪನವರು, "ಅದಕ್ಕೇನು ಬಿಡ್ರಮ್ಮ, ಜೇಡ ನಮ್ಮನೇಲೂ ಇವೆ" ಎಂದುಬಿಟ್ಟರು. ಕೊಟ್ಟಿಗೆ ನೋಡಿದರು, ಬಾವಿ ನೋಡಿದರು, ಮೆದೆ ನೋಡಿದರು. ಎಲ್ಲವೂ ಒಪ್ಪಿಗೆಯಾದಂತೆ ಕಂಡಿತು. ಪಿಳ್ಳಪ್ಪನ ಎದೆಯೊಳಗೆ ಓಲಗ ಶುರುವಾಯಿತು. ಇಲಿಯ ಹಾಗೆ ಒಂದು ಆಸೆ ಮೆಲ್ಲಗೆ ತಲೆ ಎತ್ತಿತು: ಮೀಸೆ ಹೋದರೆ ಹೋಯಿತು, ನರೆಯೂ ಜೊತೆಗೇ ಹೋಯಿತಲ್ಲ!

ಆಗ ಲಕ್ಕಮ್ಮನವರು ಚಾಪೆಯ ಕಡೆ ತಿರುಗಿ, ಮೂಗಿನ ಮೇಲೆ ಬೆರಳಿಟ್ಟರು. "ಇದೇನು ತಮ್ಮಾ, ಇನ್ನೂ ಎಳೇ ಹುಡುಗ!"

"ಹೂಂ ಕಣಕ್ಕಾ," ಅಮ್ಮಯಮ್ಮ ಹಿಗ್ಗಿಹೋದಳು. "ಇಪ್ಪತ್ತೈದೂ ಪೂರಾ ತುಂಬಿಲ್ಲ ನನ್ ಕಂದಂಗೆ."

ಮುನಿವೆಂಕಟಪ್ಪನವರ ಮುಖ ಬಾಡಿತು. ಅವರು ಹೇಳಿದರು: "ನೋಡ್ರಮ್ಮ, ಮುಚ್ಚುಮರೆ ಬ್ಯಾಡ. ನನ್ ದೊಡ್ಡ ಅಳಿಯಂಗೂ ಇಪ್ಪತ್ತೈದೇ. ಬೆಂಗಳೂರಿನ ದಂಡಿಗೆ ಎತ್ತು ಮಾರಕ್ಕೆ ಹೋದೋನು ಮಿಲಿಟರಿ ಲಾರಿ ಹತ್ತಿಬಿಟ್ಟ. ಈಗ ಯಾವ ಸಮುದ್ರದಾಚೆ ಅವ್ನೋ, ಮಗಳು ಬಾಗಿಲು ಕಾಯ್ತಾ ಕೂತವ್ಳೆ. ಇನ್ನೊಬ್ಬ ಮಗಳನ್ನೂ ಹಂಗೆ ಕೂರಿಸಲಾರೆ. ಮಿಲಿಟರಿಯೋರು ತಿರುಗೀ ನೋಡದಂಥ ವಯಸ್ಸಿನೋನು ಬೇಕು ನಂಗೆ. ತೂಬಗೆರೇಲಿ ಒಬ್ರು ಅವ್ರೆ, ಮೀಸೆ ಎಲ್ಲ ನರೆತೈತೆ, ನಿಧಾನಸ್ಥರು ಅಂತ ಸಂತೇಲಿ ಯಾರೋ ಹೇಳಿದ್ರು. ಆ ನರೆತ ಮೀಸೆ ಕೇಳ್ಕೊಂಡೇ ನಾನು ಗಾಡಿ ಕಟ್ಟಿದ್ದು."

ಪಿಳ್ಳಪ್ಪನ ಎದೆಯ ಓಲಗ ನಿಂತಿತು.

"ನಾನೇ!" ಎಂದು ಎದ್ದುನಿಂತ. ತುಟಿ ಕೂಡದಿದ್ದರೂ ಕೂಡಿಸಿಕೊಂಡು ಕೂಗಿದ. "ಅದು ನಾನೇ ಮಾವ! ನಂಗೆ ಮೂವತ್ತೈದು! ನನ್ ಮೀಸೆ ನರೆತಿತ್ತು!"

"ಅಯ್ಯೋ, ತಲೆಗೇರಿಬಿಡ್ತು!" ನರಸಮ್ಮ ಕೋಲು ನೆಲಕ್ಕೆ ಕುಟ್ಟಿದಳು. "ನಾನು ಬೆಳಿಗ್ಗೇನೇ ಹೇಳ್ಲಿಲ್ವಾ?"

"ಅಜ್ಜೀ, ನೀನೇ ಅಂದ್ಯಲ್ಲ, ಮೊನ್ನೆ ಬೆಳ್ಳಗಿತ್ತು ಅಂತ!"

"ನನ್ ಕಣ್ಣಿಗೆ ಪೊರೆಯಂತಲ್ಲಪ್ಪಾ," ನರಸಮ್ಮ ಅಮ್ಮಯಮ್ಮನ ಕಡೆ ಓರೆಯಾಗಿ ನೋಡಿದಳು. "ನಂಗೇನ್ ಕಾಣ್ತದೆ?"

"ಗೇರು ಹಚ್ಚಿದ್ದೆ! ಜೇಡವೂ ಇಲ್ಲ ಏನೂ ಇಲ್ಲ, ನಾನೇ ಮೆದೆ ಹಿಂದೆ ಕೂತು ಗೇರುಕಾಯಿ ರಸ ಹಚ್ಚಿದ್ದೆ!"

"ಮೀಸೆಗೆ ಯಾರಾದ್ರೂ ಗೇರು ಹಚ್ತಾರಾ?" ಎಂದು ಲಕ್ಕಮ್ಮನವರು ಕನಿಕರದಿಂದ ತಲೆಯಾಡಿಸಿದರು. "ಪಾಪ, ವಿಷ ಜಾಸ್ತಿಯಾಗೈತೆ ಮಗೂಗೆ."

ಪಿಳ್ಳಪ್ಪನ ಕಣ್ಣು ಜಗುಲಿಯ ಮೂಲೆಗೆ ಹೋಯಿತು. ಕ್ಷೌರದವನ ಕಡೆ ತಿರುಗಿ ಕೈ ಮುಗಿದ. "ಮುನಿರಾಮಯ್ಯ, ನೀನಾದ್ರೂ ತೋರ್ಸು. ನಿಜಾನೋ ಸುಳ್ಳೋ, ನನ್ ಮೀಸೆ ತೋರ್ಸು ಇವ್ರಿಗೆ."

ಮುನಿರಾಮಯ್ಯ ಎಕ್ಕದೆಲೆ ಬಿಚ್ಚಿದ. ಬಿಚ್ಚಿದ ಮೇಲೆಯೇ ಪಿಳ್ಳಪ್ಪನಿಗೆ ತಾನು ಏನು ಮಾಡಿದೆನೆಂದು ಹೊಳೆದದ್ದು. ಎಲೆಯ ಮೇಲೆ ಹೊಳಹೊಳೆಯುವ ಕಪ್ಪು ಮೀಸೆ. ಒಂದು ಕೂದಲೂ ಬಿಳಿಯದಿಲ್ಲ. ಅಷ್ಟು ಚೆನ್ನಾಗಿ ಹಚ್ಚಿದ್ದ.

"ಹದಿನೆಂಟರ ಮೀಸೆ ಇದು" ಎಂದರು ಮುನಿವೆಂಕಟಪ್ಪನವರು.

ಪಿಳ್ಳಪ್ಪ ಕೊನೆಯದಾಗಿ ಕಂಬಕ್ಕೊರಗಿ ನಿಂತಿದ್ದವನ ಕಡೆ ತಿರುಗಿದ. "ಗಂಗಣ್ಣಾ, ನೀನು ನನ್ ಜೊತೆಗೇ ಬೆಳೆದೋನು. ದೇವರ ಮೇಲೆ ಆಣೆಯಿಟ್ಟು ಹೇಳು. ನಾನು ಚಿಕ್ಕೋನಾ?"

ಗಂಗಣ್ಣ ತನ್ನ ಬಿಳಿ ಮೀಸೆಯನ್ನು ನಿಧಾನವಾಗಿ ತೀಡಿದ. "ದೇವರ ಮೇಲೆ ಆಣೆ. ಪಿಳ್ಳ ನನಗಿಂತ ಚಿಕ್ಕೋನು."

ಸುಳ್ಳೇನಲ್ಲ. ಗಂಗಣ್ಣನಿಗೆ ಮೂವತ್ತೆಂಟು.

ಮುನಿವೆಂಕಟಪ್ಪನವರ ದೃಷ್ಟಿ ಆ ತೀಡುವ ಬೆರಳ ಮೇಲೆ ಬಿತ್ತು. ಬೆರಳಿನಿಂದ ಮೀಸೆಗೆ ಬಂತು. ಅಲ್ಲೇ ನಿಂತಿತು.

"ಇವರು ಯಾರು?"

"ದಾಯಾದಿಗಳು" ಎಂದರು ಯಾರೋ. "ಹೆಂಡ್ತಿ ಇಲ್ಲ. ಮಕ್ಕಳೂ ಇಲ್ಲ."

"ಕುಲ ಒಂದೇ, ದೇವರೂ ಒಂದೇ ಅಂದಂಗಾಯ್ತು" ಎಂದು ಲಕ್ಕಮ್ಮನವರು ಸೆರಗು ಸರಿಮಾಡಿಕೊಂಡರು. "ಮಿಲಿಟರಿ ಗಿಲಿಟರಿ ಯೋಚ್ನೆ ಏನಾದ್ರೂ ಐತೇನಪ್ಪಾ?"

"ನನ್ನನ್ಯಾರು ತಗೋತಾರೆ ತಾಯೀ? ಬಾವಿ ಹತ್ರ ಹೋಗಿಬರೋವಷ್ಟರಲ್ಲಿ ಮಂಡಿ ಹಿಡ್ಕೋತದೆ" ಎಂದು ಗಂಗಣ್ಣ ವಿನಯದಿಂದ ಕೆಮ್ಮಿದ.

"ಭೇಷ್" ಎಂದರು ಮುನಿವೆಂಕಟಪ್ಪನವರು. ಆ ದಿನ ಅವರ ಬಾಯಿಂದ ಬಂದ ಒಂದೇ ಮೆಚ್ಚುಗೆಯ ಮಾತು ಅದು. "ನಿಮ್ಮ ಕೊಟ್ಟಿಗೇನೂ ನೋಡಿಬಿಡೋಣ, ನಡೀರಿ. ಇಷ್ಟು ದೂರ ಬಂದಿದ್ದೀವಿ."

ದೀಪ ಹಚ್ಚುವ ಹೊತ್ತಿಗೆ ಗಾಡಿ ಹೊರಟುಹೋಗಿತ್ತು. ಊರವರೂ ಇಲ್ಲಣ ಬಿದ್ದ ಹೂರಣವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಹೋಗಿದ್ದರು. ಒಳಗೆ ಅಮ್ಮಯಮ್ಮ, ಕೊಟ್ಟ ಮಾತು ಮೀರಬಾರದೆಂದು, ಘಾಟಿ ಸುಬ್ಬಪ್ಪನಿಗೆ ಒಪ್ಪಿಸಬೇಕಾದ ಬೆಳ್ಳಿ ಮೀಸೆ ಎಷ್ಟುದ್ದ ಇರಬೇಕೆಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಪಿಳ್ಳಪ್ಪ ಜಗುಲಿಯ ಮೇಲೆ ಒಬ್ಬನೇ ಕೂತಿದ್ದ. ಗಂಗಣ್ಣ ಬಂದು ಪಕ್ಕದಲ್ಲಿ ಕೂತ.

"ಬೇಜಾರಾಯ್ತೇನ್ಲಾ?"

ಪಿಳ್ಳಪ್ಪ ಕಂಬದ ಕಡೆ ಮುಖ ತಿರುಗಿಸಿದ.

"ನಾಳಿದ್ದು ರಾಜಘಟ್ಟಕ್ಕೆ ಹೋಗ್ಬೇಕು. ಹೆಣ್ಣು ನೋಡೋದಕ್ಕೆ. ನಿನ್ ಹೊಸಾ ಪೇಟ ಒಂದಿನದ ಮಟ್ಟಿಗೆ ಕೊಡು." ಪೇಟವನ್ನು ತಾನೇ ಪಿಳ್ಳಪ್ಪನ ತಲೆಯಿಂದ ಮೆಲ್ಲಗೆ ತೆಗೆದು ತನ್ನ ಮಂಡಿಯ ಮೇಲಿಟ್ಟುಕೊಂಡು, ಗಂಗಣ್ಣ ಕಿವಿಯ ಹತ್ತಿರಕ್ಕೆ ಬಗ್ಗಿದ. "ತುಟಿಗೆ ಬರೀ ತಣ್ಣೀರು ಹಾಕ್ಕೋ. ಅರಿಶಿನ, ಕೆಮ್ಮಣ್ಣು, ಸುಣ್ಣ ಏನೂ ಮುಟ್ಟಿಸಬ್ಯಾಡ. ಹದಿನೈದು ದಿನಕ್ಕೆ ತಾನೇ ಇಳೀತದೆ. ಮೀಸೇನೂ ಬರ್ತದೆ, ನನ್ ಥರಾನೇ ಬೆಳ್ಳಗೆ."

"ನಿಂಗೆ ಹೆಂಗೆ ಗೊತ್ತು?"

"ಹೋದ್ ವರ್ಷ ತಿರುಪತಿಗೆ ಹೋಗಿದ್ದೆ ಅಂದ್ನಲ್ಲ?" ಗಂಗಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾವ ತಿರುಪತೀನೂ ಇಲ್ಲ. ಹೊಸಕೋಟೇಲಿ ನಮ್ಮಕ್ಕನ ಮನೆ ಅಟ್ಟದ ಮೇಲೆ ಮುಖ ಮುಚ್ಕೊಂಡು ಕೂತಿದ್ದೆ. ಬೆಳಿಗ್ಗೆ ನಿನ್ ತುಟಿ ನೋಡ್ದೇಟಿಗೇ ಗುರುತು ಸಿಕ್ತು ಕಣೋ. ನಂಗೂ ಉಚ್ಚೆ ಹೊಯ್ದಿದ್ದು ಇದೇ ಜೇಡ!"

ಪಿಳ್ಳಪ್ಪ ದಿಗ್ಗನೆ ಎದ್ದು ನಿಂತ. ಬಾಯಿಗೆ ಬೈಗುಳಗಳು ನಾಮುಂದು ತಾಮುಂದೆಂದು ನುಗ್ಗಿ ಬಂದವು. ಆದರೆ ಒಂದೊಂದೂ ಎರಡು ತುಟಿ ಕೂಡಿದರೆ ಮಾತ್ರ ಹೊರಡುವಂಥವು. ದಿನವೆಲ್ಲ ಮದ್ದು ಕುಡಿದು ಸಂಜೆಗೆ ಇನ್ನಷ್ಟು ಊದಿದ್ದ ತುಟಿ ಅವುಗಳಲ್ಲಿ ಒಂದನ್ನೂ ಆಚೆಗೆ ಬಿಡಲಿಲ್ಲ. ಗಂಗಣ್ಣ ಪೇಟವನ್ನು ಕಂಕುಳಲ್ಲಿಟ್ಟುಕೊಂಡು, ಮಂಡಿನೋವಿಲ್ಲದವನ ಹಾಗೆ ಜಗುಲಿಯಿಂದ ಹಾರಿ ಇಳಿದು ಮನೆಗೆ ಹೋದ.